ಮುತ್ತಾತನ ಅಪ್ಪ ಯಾರು, ನಮ್ಮ ಅಡ್ಡಹೆಸರು ಎಲ್ಲಿಂದ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ನೂರೈವತ್ತು ವರ್ಷದ ಹಿಂದಿನ ಅಜ್ಜನನ್ನ ಹುಡುಕ್ತೀವಿ ಅಂತ ಹೊರಡೋರು ಮುಕ್ಕಾಲು ಪಾಲು ಜನ ಅಡ್ಡಹೆಸರಿಂದಾನೇ ಶುರು ಮಾಡ್ತಾರೆ. ನಾನು ಎಲ್ರಿಗೂ ಹೇಳೋದು ಒಂದೇ, ಅಡ್ಡಹೆಸರನ್ನ ಕೊನೆಗಿಡಿ, ಮೊದಲು ಊರು ಮತ್ತೆ ಸರ್ವೆ ನಂಬರ್ ಹಿಡೀರಿ. ಹೆಸರು ಬದಲಾಗತ್ತೆ, ಹೊಲ ಎಲ್ಲೂ ಓಡಿಹೋಗಲ್ಲ. ಕೆಳಗಿರೋದು ಜನ ಮತ್ತೆ ಮತ್ತೆ ಕೇಳೋ ಪ್ರಶ್ನೆಗಳು.

ನಮ್ಮತ್ರ ಒಂದು ಹೆಸರು ಬಿಟ್ರೆ ಏನೂ ಇಲ್ಲ. ಎಲ್ಲಿಂದ ಶುರು ಮಾಡೋದು?

ಮನೆಯಲ್ಲಿರೋ ಹಿರಿಯರಿಂದ. ಆದ್ರೆ "ಅಜ್ಜಿ, ನಮ್ಮ ವಂಶದ ಕಥೆ ಹೇಳು" ಅಂದ್ರೆ ಅವ್ರು ರಾಮಾಯಣದ ಥರ ಏನೋ ಒಂದು ಹೇಳ್ತಾರೆ, ಅದ್ರಲ್ಲಿ ಕೆಲಸಕ್ಕೆ ಬರೋದು ಕಡಿಮೆ. ಸಣ್ಣ ಸಣ್ಣದು ಕೇಳಿ. ಮನೆದೇವರು ಯಾವ ಊರಲ್ಲಿದೆ? ಮೊದಲ ಮಗುವಿನ ಜವಳ ತೆಗೆಸೋಕೆ ಎಲ್ಲಿಗೆ ಹೋಗ್ತಿದ್ರಿ? ಯಾರ್ಯಾರ ಮನೇಲಿ ಸತ್ರೆ ನಮಗೆ ಸೂತಕ ಬರ್ತಿತ್ತು? ಈ ಮೂರನೇ ಪ್ರಶ್ನೆ ಚಿನ್ನದಂಥದ್ದು, ಯಾಕಂದ್ರೆ ಈಗ ಮಾತಾಡ್ಸದೇ ಇರೋ, ಜಗಳ ಆಡ್ಕೊಂಡು ದೂರಾದ ದಾಯಾದಿಗಳೂ ಸೂತಕದ ಲೆಕ್ಕಕ್ಕೆ ಬರ್ತಾರೆ, ಮತ್ತೆ ಹಳೇ ಕಾಗದ ಬಹಳ ಸಲ ಅವ್ರ ಮನೇಲೇ ಇರತ್ತೆ.

ಶ್ರಾದ್ಧ ಮಾಡೋ ಮನೆಯಾದ್ರೆ ಅಪ್ಪ, ತಾತ, ಮುತ್ತಾತ ಅಂತ ಮೂರು ಹೆಸರು ಹೇಳ್ತಾರಲ್ಲ, ನಿಮ್ಮ ತಾತ ಬರೆದಿಟ್ಟಿದ್ದ ಚೀಟಿ ಸಿಕ್ರೆ ಅವ್ರು ಹೇಳ್ತಿದ್ದ ಮೂರು ಹೆಸರೂ ಸಿಗತ್ತೆ, ಅಲ್ಲಿಗೆ ಸೀದಾ 19ನೇ ಶತಮಾನಕ್ಕೆ ಹೋಗಿ ನಿಲ್ತೀರ. ಟ್ರಂಕಲ್ಲಿರೋ ಸ್ಟಾಂಪ್ ಪೇಪರ್, ಕ್ರಯಪತ್ರ, ಪಾಲುಪಟ್ಟಿ, ಜಾತಕ ಯಾವುದನ್ನೂ "ಇದೇನೋ ಹಳೇ ಕಸ" ಅಂತ ಎಸೀಬೇಡಿ. ಕಪ್ಪಗಿರೋ ಬಟ್ಟೆ ಮಡಚಿ ಮಡಚಿ ಮಾಡಿರೋ ಪುಸ್ತಕ ಇದ್ರೆ ಅದು ಕಡತ, ಬಳಪದಲ್ಲಿ ಬರೆದಿರ್ತಾರೆ, ಒದ್ದೆ ಬಟ್ಟೆಯಿಂದ ಒರೆಸೋಕೆ ಹೋದ್ರೆ ಅಕ್ಷರ ಪೂರ್ತಿ ಹೋಗ್ಬಿಡತ್ತೆ. ಧೂಳು ಉಫ್ ಅಂತ ಊದಿ ಫೋಟೋ ತಗೊಳ್ಳಿ, ಅಷ್ಟೇ.

1870-80ರ ಜನನ ಮರಣ ಸರ್ಟಿಫಿಕೇಟ್ ಸಿಗತ್ತಾ? ಸೆನ್ಸಸ್‌ನಲ್ಲಿ ಹೆಸರು ಇರಲ್ವಾ?

ಎರಡರದ್ದೂ ಆಸೆ ಬಿಡಿ. 1886ರಲ್ಲಿ ಜನನ ಮರಣ ನೋಂದಣಿಗೆ ಒಂದು ಕಾಯ್ದೆ ಬಂತು ಆದ್ರೆ ಮಾಡಿಸ್ಲೇಬೇಕು ಅಂತ ಇರ್ಲಿಲ್ಲ, ದೇಶಕ್ಕೆಲ್ಲ ಒಂದೇ ಥರ ಕಡ್ಡಾಯ ಆಗಿದ್ದು 1969ರ ಕಾಯ್ದೆಯಿಂದ. ಸೆನ್ಸಸ್ 1871ರಲ್ಲೂ ಆಯ್ತು 1881ರಲ್ಲೂ ಆಯ್ತು, ಆದ್ರೆ ಮನೆಮನೆಯಲ್ಲಿ ಹೆಸರು ಬರ್ಕೊಂಡಿದ್ದ ಹಾಳೆಗಳನ್ನ ಲೆಕ್ಕ ಮುಗಿದ್ಮೇಲೆ ಇಟ್ಕೊಳ್ಳಲಿಲ್ಲ. ಇಂಗ್ಲೆಂಡಲ್ಲಿ ಅಮೆರಿಕದಲ್ಲಿ ಜನ ಸೆನ್ಸಸ್ ನೋಡಿ ಅಜ್ಜನನ್ನ ಹುಡುಕೋ ವಿಡಿಯೋ ನೋಡಿ ನಾವೂ ಹಂಗೇ ಮಾಡೋಣ ಅಂದ್ರೆ ಇಲ್ಲಿ ಆಗಲ್ಲ. ನಮ್ಮಲ್ಲಿ ಸರ್ಕಾರಕ್ಕೆ ಬೇಕಾಗಿದ್ದಿದ್ದು ಕಂದಾಯ, ಹಾಗಾಗಿ ನಿಮ್ಮ ಅಜ್ಜ ಸಿಗೋದು ಕಂದಾಯ ಕಟ್ಟಿದವನಾಗಿ.

ಸರಿ, ಜಮೀನಿನ ದಾಖಲೆ ಹಿಡ್ಕೊಂಡು ಹಿಂದಕ್ಕೆ ಹೋಗೋದು ಹೇಗೆ?

ಈಗಿನ ಪಹಣಿಯಿಂದ ಶುರು ಮಾಡಿ. ಜಮೀನು ಹೇಗೆ ಬಂತು ಅನ್ನೋ ಕಾಲಂನಲ್ಲಿ ಎಂಆರ್ ನಂಬರ್, ಅಂದ್ರೆ ಖಾತೆ ಬದಲಾವಣೆಯ ಮ್ಯುಟೇಷನ್ ರಿಜಿಸ್ಟರ್ ನಂಬರ್ ಇರತ್ತೆ, ಆ ಮ್ಯುಟೇಷನ್ ತೆಗೆಸಿದ್ರೆ ಯಾರು ತೀರ್ಕೊಂಡು ಯಾರ ಹೆಸರಿಗೆ ಪೌತಿ ಖಾತೆ ಆಯ್ತು ಅಂತ ಗೊತ್ತಾಗತ್ತೆ. ಅದರ ಹಿಂದಿನ ಎಂಆರ್, ಅದರ ಹಿಂದಿಂದು, ಹೀಗೆ ಮೆಟ್ಲಿಳೀತಾ ಹೋಗೋದು. ಭೂಮಿ ಸಾಫ್ಟ್‌ವೇರ್ ಬಂದಿದ್ದು 2000ದ ಹೊತ್ತಿಗೆ, ಅದಕ್ಕಿಂತ ಹಿಂದಿನದು ಕೈಬರಹದ ಪಹಣಿ. ಹಳೇ ಮೈಸೂರು ಕಡೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತೆ ರೆಕಾರ್ಡ್ ಆಫ್ ರೈಟ್ಸ್ ರಿಜಿಸ್ಟರ್ ಕೇಳಿ, ಕಚೇರೀಲಿ ಐಎಲ್ ಆರ್‌ಆರ್ ಅಂದ್ರೆ ಎಲ್ರಿಗೂ ಗೊತ್ತು. ಇವೆಲ್ಲ ತಾಲೂಕು ಆಫೀಸಿನ ರೆಕಾರ್ಡ್ ರೂಮ್‌ನಲ್ಲಿರತ್ತೆ. ಟಿಪ್ಪಣಿ (ಹೊಲದ ಅಳತೆ ಕಾಗದ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಊರಿನ ನಕ್ಷೆ ಬೇಕು ಅಂದ್ರೆ ಸರ್ವೆ ಇಲಾಖೆಗೆ, ಅಂದ್ರೆ ಎಡಿಎಲ್‌ಆರ್ ಆಫೀಸಿಗೆ ಹೋಗ್ಬೇಕು. 2024ರಿಂದ ಭೂ ಸುರಕ್ಷಾ ಅನ್ನೋ ಹೆಸರಲ್ಲಿ ರೆಕಾರ್ಡ್ ರೂಮ್‌ಗಳ ಹಳೇ ಕಾಗದ ಸ್ಕ್ಯಾನ್ ಮಾಡ್ತಿದಾರೆ, ನಿಮ್ಮ ತಾಲೂಕಿಂದು ಆಗಿದ್ರೆ ಕೆಲಸ ಸಲೀಸು.

19ನೇ ಶತಮಾನಕ್ಕೆ ನಿಮ್ಮನ್ನ ನಿಜವಾಗ್ಲೂ ಕರ್ಕೊಂಡ್ಹೋಗೋದು ಮೂಲ ಸರ್ವೆ. ಬಾಂಬೆ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತೆ ವಿಂಗೇಟ್ ಅನ್ನೋ ಅಧಿಕಾರಿಗಳು ಕಟ್ಟಿದ ಪದ್ಧತಿ, 1847ರ ಜಂಟಿ ವರದೀಲಿ ಅದಕ್ಕೊಂದು ರೂಪ ಬಂತು, ಧಾರವಾಡ ಬೆಳಗಾವಿ ಕಡೆ ಅದೇ ಪ್ರಕಾರ ಅಳೆದ್ರು. ಮೈಸೂರು ಸಂಸ್ಥಾನದಲ್ಲಿ ಅದೇ ಮಾದರಿ ಇಟ್ಕೊಂಡು 1863ರಲ್ಲಿ ಶುರು ಮಾಡಿದ್ರು. ಪ್ರತಿ ಹೊಲಕ್ಕೂ ನಂಬರ್ ಕೊಟ್ಟು, ಮಣ್ಣು ನೋಡಿ ತರಗತಿ ಮಾಡಿ, ಆಕಾರ ಅಂದ್ರೆ ಕಂದಾಯದ ದರ ಕಟ್ಟಿ, ಯಾರ ಖಾತೆ ಅಂತ ಬರೆದ್ರು. ಆ ದರ 30 ವರ್ಷಕ್ಕೆ ಅಂತ ಕಟ್ತಿದ್ರು, ಆಮೇಲೆ ಮತ್ತೆ ಅಳತೆ. ಹಾಗಾಗಿ ಎರಡು ಸಲದ ಕಾಗದ ಅಕ್ಕಪಕ್ಕ ಇಟ್ರೆ ಮೊದಲನೇದ್ರಲ್ಲಿ ಅಪ್ಪ, ಎರಡನೇದ್ರಲ್ಲಿ ಮಗ.

ಆ ಹಳೇ ಸಾಲುಗಳನ್ನ ಓದೋದು ಹೇಗೆ? "ಬಿನ್", "ಕೋಂ" ಅಂದ್ರೆ ಏನು?

ಸುಮ್ನೆ ಉದಾಹರಣೆಗೆ 1855ರ ಒಂದು ಸಾಲು ಹೀಗಿದೆ ಅಂದ್ಕೊಳ್ಳಿ: "ಸ.ನಂ. 43, ಖುಷ್ಕಿ, 4 ಎಕರೆ 12 ಗುಂಟೆ, ಆಕಾರ 3 ರೂ. 8 ಆಣೆ, ಈರಪ್ಪ ಬಿನ್ ಬಸಪ್ಪ". ಖುಷ್ಕಿ ಅಂದ್ರೆ ಮಳೆ ನಂಬಿದ ಹೊಲ, ತರಿ ಅಂದ್ರೆ ಗದ್ದೆ, ಬಾಗಾಯ್ತು ಅಂದ್ರೆ ತೋಟ. ಬಿನ್ ಅಂದ್ರೆ ಮಗ, ಅಂದ್ರೆ ಬಸಪ್ಪನ ಮಗ ಈರಪ್ಪ. ಖಾತೆ ತನ್ನ ಹೆಸರಲ್ಲಿದೆ ಅಂದ್ರೆ ಈರಪ್ಪ ಆಗ್ಲೇ ದೊಡ್ಡೋನು, ಜೊತೆಗೆ ಅಪ್ಪ ಬಹುಶಃ ತೀರ್ಕೊಂಡಿರ್ಬೇಕು ಇಲ್ಲಾ ಪಾಲಾಗಿರ್ಬೇಕು, ಬಸಪ್ಪ ಹುಟ್ಟಿದ್ದು 1800ರ ಆಚೀಚೆ ಅಂತ ಲೆಕ್ಕ ಹಾಕ್ಬಹುದು. ಒಂದೇ ಸಾಲಲ್ಲಿ ಎರಡು ತಲೆ ಸಿಕ್ತು ನೋಡಿ. ಕೋಂ ಅಂತಿದ್ರೆ ಇಂಥವರ ಹೆಂಡತಿ. ಕಲಬುರ್ಗಿ ರಾಯಚೂರು ಕಡೆ "ವಲದ್" ಅಂತಾನೂ ಬರತ್ತೆ, ಅದೂ ಮಗ ಅಂತಾನೇ.

ಇಲ್ಲೊಂದು ತಾಪತ್ರಯ ಇದೆ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡೋದ್ರಿಂದ ಈರಪ್ಪ ಬಿನ್ ಬಸಪ್ಪ, ಬಸಪ್ಪ ಬಿನ್ ಈರಪ್ಪ, ಮತ್ತೆ ಈರಪ್ಪ ಬಿನ್ ಬಸಪ್ಪ, ಹೀಗೇ ನೂರು ವರ್ಷ ಸುತ್ತತ್ತೆ. ಇದ್ರ ಮಧ್ಯೆ ಎರಡು ತಲೆಮಾರನ್ನ ಒಂದೇ ಅಂದ್ಕೊಂಡು ಹಾರಿಬಿಡೋರು ಜಾಸ್ತಿ. ವರ್ಷ ನೋಡಿ, ಅಣ್ಣತಮ್ಮಂದಿರ ಹೆಸರು ನೋಡಿ, ಆಗ ಮಾತ್ರ ಬಿಡಿಸ್ಕೊಳ್ಳುತ್ತೆ.

ವರ್ಷಾನೂ ಸೀದಾ ಇರಲ್ಲ. ಶಕ ವರ್ಷಕ್ಕೆ 78 ಸೇರ್ಸಿ, ಫಸಲಿಗೆ, ಅಂದ್ರೆ ಕಂದಾಯದ ಲೆಕ್ಕದ ವರ್ಷಕ್ಕೆ, 590 ಸೇರ್ಸಿ. ಸಂವತ್ಸರದ ಹೆಸರು ಮಾತ್ರ ಇದ್ರೆ 60 ವರ್ಷಕ್ಕೊಮ್ಮೆ ತಿರುಗಿ ಬರತ್ತೆ ಅನ್ನೋದು ನೆನಪಿರ್ಲಿ, ಧಾತು ಅಂದ್ರೆ 1816-17ನೂ ಆಗ್ಬಹುದು 1876-77ನೂ ಆಗ್ಬಹುದು. ಶಕ 1798 ಧಾತು ಅಂತ ಎರಡೂ ಇದ್ರೆ ಅನುಮಾನಾನೇ ಇಲ್ಲ, 1876.

ಲಿಪಿ ಇನ್ನೊಂದು ಗೋಳು. ಬೆಳಗಾವಿ ಧಾರವಾಡ ವಿಜಯಪುರದ ಹಳೇ ಕಾಗದ ಮರಾಠಿ ಭಾಷೆ, ಮೋಡಿ ಲಿಪಿ. ನಿಜಾಮರ ಕಡೇದು ಪರ್ಷಿಯನ್, ಆಮೇಲೆ ಉರ್ದು. ಓದೋರು ಸಿಗೋ ತನಕ ಕಾಯೋದಲ್ದೆ ಬೇರೆ ದಾರಿ ಇಲ್ಲ, ಫೋಟೋ ಮಾತ್ರ ಬೆಳಕಲ್ಲಿ ಚೆನ್ನಾಗಿ ತಗೊಂಡಿಡಿ.

ನಮ್ಮೂರಿನ ಹಳೇ ದಾಖಲೆ ಬೆಂಗಳೂರಲ್ಲಿ ಸಿಗಲ್ಲ ಅಂತಾರಲ್ಲ, ಯಾಕೆ?

ಯಾಕಂದ್ರೆ ನಿಮ್ಮಜ್ಜ ಇದ್ದಾಗ ಕರ್ನಾಟಕ ಅನ್ನೋ ರಾಜ್ಯಾನೇ ಇರ್ಲಿಲ್ಲ, 1956ರ ತನಕ ಹಂಚಿ ಹೋಗಿತ್ತು. ಹಳೇ ಮೈಸೂರಿನ ಕಾಗದ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ, ಮೈಸೂರಿನ ವಿಭಾಗೀಯ ಕಚೇರೀಲಿ. ಧಾರವಾಡ, ಬೆಳಗಾವಿ, ವಿಜಯಪುರ ಬಾಂಬೆ ಪ್ರಾಂತ, ಪ್ರಾಂತದ ಮಟ್ಟದ ಫೈಲ್‌ಗಳು ಮುಂಬೈ ಮತ್ತೆ ಪುಣೆ ಆರ್ಕೈವ್ಸ್‌ನಲ್ಲಿ. ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸು, ಅಂದ್ರೆ ಚೆನ್ನೈನ ಎಗ್ಮೋರ್‌ನಲ್ಲಿರೋ ಪತ್ರಾಗಾರ. ಕಲಬುರ್ಗಿ, ಬೀದರ್, ರಾಯಚೂರು ಹೈದರಾಬಾದು. ಉತ್ತರ ಕನ್ನಡದೋರಿಗೆ ಡಬಲ್ ಕೆಲಸ, 1862ರ ತನಕ ಮದ್ರಾಸು, ಆಮೇಲೆ ಬಾಂಬೆ. ಕೊಡಗು 1834ರ ತನಕ ರಾಜರದ್ದು, ಆಮೇಲೆ ಬ್ರಿಟಿಷರದ್ದು. ಜಮಖಂಡಿ, ಮುಧೋಳ, ಸವಣೂರು, ಸೊಂಡೂರಿನ ಥರ ಸಣ್ಣ ಸಂಸ್ಥಾನದ ಊರಾದ್ರೆ ಅದನ್ನ ಬೇರೇನೇ ವಿಚಾರಿಸ್ಬೇಕು. ಮೊದಲ ದಿನಾನೇ ಇದನ್ನ ತಿಳ್ಕೊಂಡ್ರೆ ಸುಮ್ನೆ ಬಸ್ ಚಾರ್ಜ್ ಉಳಿಯತ್ತೆ.

ಶ್ಯಾನುಭೋಗರ ಮನೇಲಿ ಹಳೇ ಲೆಕ್ಕ ಇರತ್ತೆ ಅಂತಾರೆ, ನಿಜಾನಾ?

ಇರೋ ಚಾನ್ಸ್ ಇದೆ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾಗಿದ್ದು 1961ರ ಕಾಯ್ದೆಯಿಂದ, ಅಲ್ಲೀ ತನಕ ಊರಿನ ಲೆಕ್ಕ ಶ್ಯಾನುಭೋಗರ ಕೈಲೇ ಇತ್ತು, ಆಮೇಲೆ ಕೆಲವರು ಎಲ್ಲಾ ಒಪ್ಪಿಸಿದ್ರು, ಕೆಲವರ ಅಟ್ಟದ ಮೇಲೆ ಹಾಗೇ ಉಳೀತು. ಹೋಗೋವಾಗ ಜಮೀನು ಕ್ಲೇಮ್ ಮಾಡೋಕೆ ಬಂದಿದೀನಿ ಅನ್ನೋ ಥರ ಹೋಗ್ಬೇಡಿ, ಬಾಗ್ಲೇ ತೆಗೆಯಲ್ಲ. ಊರಲ್ಲಿ ಗುರುತಿರೋರೊಬ್ರನ್ನ ಜೊತೆಗೆ ಕರ್ಕೊಂಡ್ಹೋಗಿ.

ನಮ್ಮ ಹಿರಿಯರಿಗೆ ಜಮೀನೇ ಇರ್ಲಿಲ್ಲ. ನಮಗೆ ಏನೂ ಸಿಗಲ್ವಾ?

ಇದನ್ನ ಕೇಳೋರು ಬಹಳ ಜನ, ಮತ್ತೆ ಇವ್ರಿಗೆ "ನಿಮ್ದು ದಾಖಲೆ ಇರಲ್ಲ ಬಿಡಿ" ಅಂತ ಕೈ ತೊಳ್ಕೊಳ್ಳೋರೂ ಬಹಳ ಜನ. ಅದು ಸರಿಯಲ್ಲ. ತಳವಾರ, ತೋಟಿ, ನೀರಗಂಟಿ, ಇವ್ರಿಗೆಲ್ಲ ಊರ ಚಾಕರಿಗೆ ಅಂತ ಇನಾಂ ಜಮೀನು ಇರ್ತಿತ್ತು, ಅದು ಎರಡೇ ಗುಂಟೆ ಆದ್ರೂ ಇನಾಂ ರಿಜಿಸ್ಟರಲ್ಲಿ ಹೆಸರು ಬರ್ತಿತ್ತು. ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ, ಅಗಸ, ಊರ ಕೆಲಸಕ್ಕೆ ಬೆಳೆಯಲ್ಲಿ ಪಾಲು ತಗೊಳ್ತಿದ್ದ ಈ ಆಯಗಾರರ ಲೆಕ್ಕಾನೂ ಊರಿನ ಕಾಗದದಲ್ಲಿ ಇರತ್ತೆ. ಬಾಂಬೆ ಪ್ರಾಂತದಲ್ಲಿ 1852ರ ಕಾಯ್ದೆ ಪ್ರಕಾರ, ಮದ್ರಾಸಲ್ಲಿ 1858ರಿಂದ ಇನಾಂ ಕಮಿಷನ್ ಕೂತು ಯಾರಿಗೆ ಇನಾಂ ಇದೆ, ಯಾವ ಆಧಾರದ ಮೇಲೆ, ಅಂತ ಒಂದೊಂದನ್ನೂ ವಿಚಾರಣೆ ಮಾಡಿದ್ರು, ಅದ್ರಲ್ಲಿ ಕೆಲವು ಕಡೆ ಮೂರು ನಾಲ್ಕು ತಲೆಮಾರಿನ ವಂಶಾವಳಿ ಬರೆಸಿದ್ದೂ ಇದೆ.

ಗೇಣಿ ಮಾಡ್ತಿದ್ದ ಮನೆಯಾದ್ರೆ 1974ರ ಭೂಸುಧಾರಣೆ ಹೊತ್ತಲ್ಲಿ ಹಾಕಿದ ಫಾರಂ 7 ಹುಡುಕಿ. ಭೂನ್ಯಾಯ ಮಂಡಳಿ ಮುಂದೆ "ನಮ್ಮಪ್ಪನ ಕಾಲದಿಂದ, ನಮ್ಮಜ್ಜನ ಕಾಲದಿಂದ ಉಳ್ತಿದೀವಿ" ಅಂತ ಹೇಳಿಕೆ ಕೊಟ್ಟಿರ್ತಾರೆ, ಸಾಕ್ಷಿಗಳ ಮಾತೂ ಇರತ್ತೆ. 19ನೇ ಶತಮಾನದ ವಿಷ್ಯ 1970ರ ದಶಕದ ಫೈಲಲ್ಲಿ ಕೂತಿರತ್ತೆ ಅಂತ ಯಾರೂ ಯೋಚ್ನೇನೇ ಮಾಡಲ್ಲ.

ಹೆಳವರು ಹೇಳೋದನ್ನ ನಂಬಬಹುದಾ?

ಉತ್ತರ ಕರ್ನಾಟಕದೋರಿಗೆ ಇವ್ರು ಗೊತ್ತೇ ಇರ್ತಾರೆ, ಸುಗ್ಗಿ ಮುಗಿದ್ಮೇಲೆ ಎತ್ತಿನ ಜೊತೆ ಬೆಳಗ್ಗೆ ಮನೆ ಮುಂದೆ ಬಂದು ನಿಂತು ವಂಶದ ಹೆಸರೆಲ್ಲ ಹಾಡ್ತಾ ಹೇಳೋರು. ಮೂಲ ಊರು ಯಾವ್ದು, ಯಾರ ಕಾಲದಲ್ಲಿ ಬಿಟ್ಟು ಬಂದ್ರಿ, ಎಷ್ಟು ಜನ ಅಣ್ಣತಮ್ಮಂದಿರು, ಯಾರು ಯಾವ ಊರಿಗೆ ಹೋಗಿ ನೆಲೆ ನಿಂತ್ರು ಅಂತ ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನ ಸೇರಿಸ್ಕೊಂಡು, ಕಾಳು ಬಟ್ಟೆ ದಕ್ಷಿಣೆ ತಗೊಂಡು ಹೋಗ್ತಾರೆ. ನನ್ನ ಪ್ರಕಾರ ಕೆಳಗಿನ ನಾಲ್ಕೈದು ತಲೆಮಾರು ಗಟ್ಟಿ, ಎಷ್ಟೋ ಸಲ ಸರ್ವೆ ಕಾಗದಕ್ಕೆ ತಾಳೆ ಆಗತ್ತೆ. ಅದರ ಮೇಲಕ್ಕೆ ಹೋದ ಹಾಗೆ ಪುರಾಣ ಬೆರೆಯತ್ತೆ, ಶಿವ ಪಾರ್ವತಿ ಬರೋಕೆ ಶುರು ಮಾಡಿದ್ರೆ ಅಲ್ಲಿಗೆ ನಿಲ್ಲಿಸ್ಬಹುದು. ಬಂದಾಗ ದುಡ್ಡು ಕೊಟ್ಟು ಕಳಿಸ್ಬಿಡ್ಬೇಡಿ, ಕೂರ್ಸಿ, ಚಹಾ ಕೊಟ್ಟು, ಮೊಬೈಲಲ್ಲಿ ಪೂರ್ತಿ ರೆಕಾರ್ಡ್ ಮಾಡ್ಕೊಳ್ಳಿ.

ಇದೇ ಥರ ನಾಸಿಕ್, ತ್ರ್ಯಂಬಕ, ಕಾಶಿ, ಗಯಾದ ಪಂಡರ, ಅಂದ್ರೆ ತೀರ್ಥಕ್ಷೇತ್ರದ ಪುರೋಹಿತರ ಹತ್ರ, ಯಾತ್ರೆಗೆ ಬಂದೋರ ವಹಿ (ಹೆಸರು ಬರೆದಿಡೋ ಪುಸ್ತಕ) ಇರತ್ತೆ. ಜಾತಿ, ಅಡ್ಡಹೆಸರು, ಊರು ಹೇಳಿದ್ರೆ ತೆಗೀತಾರೆ. ನಿಮ್ಮ ಮುತ್ತಾತ ಹೋಗಿದ್ರೆ ಅವ್ರದ್ದೇ ಕೈಬರಹದ ಸಹಿ ಸಿಕ್ಕಿದ್ರೂ ಸಿಕ್ತು.

ಅಡ್ಡಹೆಸರಿಂದ ಮೂಲ ಊರು ಗೊತ್ತಾಗತ್ತಾ?

ಗೊತ್ತಾಗತ್ತೆ, ಆದ್ರೆ ಜನ ಅಂದ್ಕೊಂಡಿರೋ ರೀತೀಲಿ ಅಲ್ಲ. ಊರಿನ ಹೆಸರಿರೋ ಅಡ್ಡಹೆಸರು ಹೇಳೋದು ನೀವು ಬಿಟ್ಟು ಬಂದ ಊರನ್ನ. ಗೋಕಾಕದಲ್ಲೇ ಇರೋರನ್ನ ಗೋಕಾಕ ಅಂತ ಯಾರು ಕರೀತಾರೆ? ಬೇರೆ ಊರಿಗೆ ಹೋದ್ಮೇಲೇ ಆ ಹೆಸರು ಅಂಟೋದು. ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಲ್ಲಿ. ಸರ್ ಎಂ.ವಿ. ಹುಟ್ಟಿದ್ದು ಮುದ್ದೇನಹಳ್ಳೀಲಿ, ಆದ್ರೆ ಮೋಕ್ಷಗುಂಡಂ ಇರೋದು ಈಗಿನ ಆಂಧ್ರದಲ್ಲಿ, ಹಿರಿಯರು ಯಾವಾಗ್ಲೋ ಅಲ್ಲಿಂದ ಬಂದಿದ್ರು, ಊರು ಬಿಟ್ರೂ ಊರಿನ ಹೆಸರು ಬಿಡ್ಲಿಲ್ಲ. ಹಳೇ ಮೈಸೂರಿನ ಇನಿಷಿಯಲ್‌ಗೂ ಇದೇ ಮಾತು, ಡಿವಿಜಿ ಅವರ "ಡಿ" ದೇವನಹಳ್ಳಿ, ಹುಟ್ಟಿದ್ದು ಮುಳಬಾಗಿಲು. ನಿಮ್ಮ ಮೊದಲನೇ ಇನಿಷಿಯಲ್ ಏನು ಅಂತ ಮನೇಲಿ ಕೇಳಿ, ಹುಡುಕಾಟಕ್ಕೆ ಎರಡನೇ ಊರು ಸಿಕ್ಕಿದ ಹಾಗೆ. ಅಂಥ ಊರು ಗೊತ್ತಾಗಿದ್ದೇ ತಡ, ಅಲ್ಲಿ ಮನೆದೇವರ ಗುಡಿ ಇದೆಯಾ ನೋಡಿ, ಎರಡೂ ತಾಳೆ ಆದ್ರೆ ಬಹಳ ಗಟ್ಟಿ ಸುಳಿವು.

ಇನ್ನು ಬಡಿಗೇರ, ಕಂಬಾರ, ಪತ್ತಾರ, ಹೂಗಾರ, ಗಾಣಿಗೇರ, ನದಾಫ ಇವೆಲ್ಲ ಕಸುಬು, ವಿವರಿಸೋದೇ ಬೇಡ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಂಗಡಿ ಇವುಗಳಿಗೆ ಒಂದೊಂದು ಮನೇಲಿ ಒಂದೊಂದು ಕಥೆ, "ನಮ್ಮಜ್ಜ ಒಂದೇ ಏಟಿಗೆ ಸೇರು ಮೆಣಸಿನಕಾಯಿ ತಿಂದಿದ್ದ" ಅಂತೆಲ್ಲ, ಕೇಳೋಕೆ ಮಜಾ, ಆದ್ರೆ ಆ ಮಾಲಿನ ವ್ಯಾಪಾರ ಮಾಡ್ತಿದ್ರು ಅನ್ನೋದೇ ನನಗೆ ಹೆಚ್ಚು ನಂಬೋ ಹಾಗಿದೆ.

ಮುಖ್ಯವಾದ ಮಾತು ಅಂದ್ರೆ 19ನೇ ಶತಮಾನದ ಕಾಗದದಲ್ಲಿ ನಿಮ್ಮ ಅಡ್ಡಹೆಸರು ಇರದೇ ಇರ್ಬಹುದು. ಬಾಂಬೆ ಪ್ರಾಂತದ ಶಾಲೆ ಕಚೇರಿಗಳಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ಬರೆಸೋ ರೂಢಿ ಇತ್ತು, ಎಷ್ಟೋ ಮನೆತನದ ಹೆಸರು ಗಟ್ಟಿಯಾಗಿ ನಿಂತಿದ್ದು ಹೀಗೆ ಮಗನನ್ನ ಶಾಲೆಗೆ ಸೇರಿಸಿದಾಗ. ಒಡಹುಟ್ಟಿದೋರು ಎರಡು ಬೇರೆ ಅಡ್ಡಹೆಸರಲ್ಲಿ ಮುಂದುವರಿದಿರೋದೂ ಉಂಟು. ಅಡ್ಡಹೆಸರು ಹೊಂದಲ್ಲ ಅಂತ ಒಂದು ದಾಖಲೇನ ಪಕ್ಕಕ್ಕಿಡ್ಬೇಡಿ, ಊರು ಮತ್ತೆ ಬಿನ್ ಹೊಂದತ್ತಾ ನೋಡಿ.

ನಮ್ದು ದೇಸಾಯಿ ಅಂತ ಇದೆ, ಅಂದ್ರೆ ನಾವು ಆಳಿದ ಮನೆತನಾನಾ?

ದೇಸಾಯಿ, ದೇಶಪಾಂಡೆ, ನಾಡಗೌಡ, ಪಾಟೀಲ, ಕುಲಕರ್ಣಿ, ಇನಾಮದಾರ, ಕಿಲ್ಲೇದಾರ ಇವೆಲ್ಲ ಹುದ್ದೆ ಇಲ್ಲಾ ಹಕ್ಕು. ಪಾಟೀಲ ಅಂದ್ರೆ ಊರಿಗೊಬ್ಬ ಗೌಡ, ಕುಲಕರ್ಣಿ ಲೆಕ್ಕ ಬರೆಯೋನು. ಹುದ್ದೆ ಒಬ್ಬನದ್ದು, ಹೆಸರು ಮಾತ್ರ ಇಡೀ ದಾಯಾದಿ ಬಳಗಕ್ಕೆ. ಖುಷಿ ವಿಷ್ಯ ಏನಂದ್ರೆ ವತನ (ವಂಶಪಾರಂಪರ್ಯದ ಹುದ್ದೆಯ ಹಕ್ಕು) ಇದ್ದ ಮನೆ ಅಂದ್ರೆ ಜಗಳ ಇದ್ದ ಮನೆ, ಜಗಳ ಅಂದ್ರೆ ಕೋರ್ಟು, ಕೋರ್ಟು ಅಂದ್ರೆ ವಂಶವೃಕ್ಷ. ಬಾಂಬೆ ಹೈಕೋರ್ಟ್ 1862ರಲ್ಲಿ ಶುರುವಾಯ್ತು, ಇಂಡಿಯನ್ ಲಾ ರಿಪೋರ್ಟ್ಸ್ 1876ರಿಂದ ಅಚ್ಚಾಗ್ತಾ ಬಂದಿದೆ, ದತ್ತಕ ಮತ್ತೆ ಪಾಲಿನ ಕೇಸ್‌ಗಳಲ್ಲಿ ತೀರ್ಪಿನ ಒಳಗೇ ವಂಶವೃಕ್ಷ ಅಚ್ಚು ಹಾಕಿರ್ತಾರೆ. ಊರಿನ ಹೆಸರು ಹಾಕಿ ಹುಡುಕಿ.

ರಜಪೂತರ ವಂಶ, ವಿಜಯನಗರದ ರಕ್ತ ಅನ್ನೋ ಕಥೆಗಳನ್ನ ನಾನು ಮಾತ್ರ ಪಕ್ಕಾ ದಾಖಲೆ ಇಲ್ದೆ ಒಪ್ಪಲ್ಲ. ಊರಿನ ಗೌಡಕಿ ನಡೆಸಿದ್ದೇನು ಕಡಿಮೆನಾ?

ಕರಾವಳಿ ಮತ್ತೆ ಕೊಡಗಿನೋರಿಗೆ ಇದೇ ದಾರೀನಾ?

ಇಲ್ಲ. ಬಂಟರು ಮತ್ತೆ ಬೇರೆ ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಹೋಗಿದ್ದು ಅಕ್ಕತಂಗಿಯರ ಮಕ್ಕಳಿಗೆ, ಬಳಿ ಅಂದ್ರೆ ಕುಲದ ಹೆಸರು ಬರೋದು ತಾಯಿಯಿಂದ. ಅಪ್ಪನ ಹೆಸರು ಹಿಡ್ಕೊಂಡು ಹೋದ್ರೆ ಎರಡನೇ ಮೆಟ್ಲಲ್ಲೇ ದಾರಿ ತಪ್ಪತ್ತೆ, ತಾಯಿ, ತಾಯಿಯ ಅಣ್ಣ, ಅವರ ಸೋದರಮಾವ, ಹೀಗೆ ಹೋಗ್ಬೇಕು. ದಾಖಲೇಲಿ ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಕಾಯಂ ಅಲ್ಲದ ಗೇಣಿ), ವರ್ಗ (ಕಂದಾಯ ಕಟ್ಟೋ ಹಿಡುವಳಿ) ಅನ್ನೋ ಲೆಕ್ಕ ಬರತ್ತೆ. ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಮನೆಗಳಿಗೆ ಗೋವಾದ ಕುಲದೇವರೇ ವಿಳಾಸ. ಮಂಗಳೂರಿನ ಕ್ಯಾಥೊಲಿಕರಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕ ಇದೆ, 1784ರಲ್ಲಿ ಟಿಪ್ಪು ಸೆರೆಗೆ ಒಯ್ದು ಚರ್ಚು ಕೆಡವಿದ್ರಿಂದ ಹಿಂದಿನದು ಕಷ್ಟ, ಆದ್ರೆ 19ನೇ ಶತಮಾನದ್ದು ಬೇರೆ ಯಾರಿಗೂ ಸಿಗದಷ್ಟು ಚೆನ್ನಾಗಿ ಸಿಗತ್ತೆ. ಬಾಸೆಲ್ ಮಿಷನ್ ಬಂದಿದ್ದು 1834ರಲ್ಲಿ, ಆ ಸಭೆಯ ಕುಟುಂಬಗಳ ಕಾಗದ, ಫೋಟೋ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ಇವೆ.

ಕೊಡವರು ಪುಣ್ಯವಂತರು. ಒಕ್ಕದ (ಮನೆತನದ) ಹೆಸರು ಹೇಳಿದ್ರೆ ಐನ್‌ಮನೆ, ಅಂದ್ರೆ ಹಿರಿಯರ ಮೂಲಮನೆ ಗೊತ್ತಾಗತ್ತೆ, ಐನ್‌ಮನೆ ಗೊತ್ತಾದ್ರೆ ಜಮ್ಮಾ, ಅಂದ್ರೆ ವಂಶಪಾರಂಪರ್ಯದ ಜಮೀನು ಗೊತ್ತಾಗತ್ತೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಹೆಸರಿನ ಮೊದಲಿರೋ ಕೊಡಂದೇರ ಅನ್ನೋದು ಅಂಥದ್ದೇ.

ಅಜ್ಜಿಯರನ್ನ ಹುಡುಕೋದು ಹೇಗೆ?

ಕಷ್ಟ ಇದೆ, ಸುಳ್ಳು ಹೇಳಲ್ಲ. ಗಂಡ ಸತ್ತು ಮಕ್ಕಳು ಚಿಕ್ಕವರಿದ್ದಾಗ ಖಾತೆ "ಕೋಂ" ಅಂತ ಅವ್ರ ಹೆಸರಿಗೆ ಬರತ್ತೆ, ಅದೊಂದು ಕಡೆ. ದತ್ತಕ ಪತ್ರದಲ್ಲಿ ವಿಧವೆಯ ಹೆಸರು ಬಂದೇ ಬರತ್ತೆ. ಜೀವನಾಂಶದ ಪತ್ರ, ಅರಿಶಿನ ಕುಂಕುಮಕ್ಕೆ ಅಂತ ಬರೆದುಕೊಟ್ಟ ದಾನಪತ್ರ, ಇವನ್ನ ಸಬ್ ರಿಜಿಸ್ಟ್ರಾರ್ ಆಫೀಸಿನ ಹಳೇ ಸಂಪುಟಗಳಲ್ಲಿ ನೋಡ್ಬೇಕು. ತವರೂರು ಗೊತ್ತಾದ್ರೆ ಅಲ್ಲಿನ ಮನೆಯೋರಿಗೆ ನಿಮ್ಮ ಮನೆ ಬಗ್ಗೆ ನಿಮಗಿಂತ ಜಾಸ್ತಿ ಗೊತ್ತಿರತ್ತೆ.

1870ರ ದಶಕದಲ್ಲಿ ನಮ್ಮವರ ಹೆಸರು ಇದ್ದಕ್ಕಿದ್ದಂಗೆ ಮಾಯ. ಏನಾಗಿರ್ಬಹುದು?

ಧಾತು ಈಶ್ವರ ಸಂವತ್ಸರದ ಬರ, 1876ರಿಂದ 78. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿದ್ರು. ಸತ್ತಿರ್ಬಹುದು, ಊರು ಬಿಟ್ಟಿರ್ಬಹುದು, ಹೊಲ ಬಿಟ್ಟುಕೊಟ್ಟಿರ್ಬಹುದು, ಪಾಳು ಬಿದ್ದ ಜಮೀನು ಆಮೇಲೆ ಬೇರೆಯವರ ಖಾತೆಗೆ ಹೋಗಿರತ್ತೆ. ಮಲೆನಾಡಿನ ಕಾಫಿ ತೋಟ, ಬೆಂಗಳೂರು, ಇಲ್ಲಾ ನೀರಿದ್ದ ಪಕ್ಕದ ತಾಲೂಕು, ಈ ಕಡೆಗಳಲ್ಲಿ 1880ರ ಆಮೇಲಿನ ಕಾಗದ ನೋಡಿ. 1890ರ ದಶಕದ ಕೊನೇಲಿ ಮಾಯವಾಗಿದ್ರೆ ಪ್ಲೇಗ್ ಅನುಮಾನ ಪಡಿ.

ನಮ್ಮಜ್ಜ ಬ್ರಿಟಿಷರ ವಿರುದ್ಧ ಹೋರಾಡಿದ್ದ ಅಂತಾರೆ, ನೋಡೋದು ಹೇಗೆ?

ಮೊದಲು ಊರು ಮತ್ತೆ ವರ್ಷ ತಾಳೆ ನೋಡಿ. ಕಿತ್ತೂರು 1824, ಶಿವಮೊಗ್ಗ ಕಡೆಯ ನಗರ ಸೀಮೆಯ ದಂಗೆ 1830-31, ಅಮರ ಸುಳ್ಯ 1837, ಹಲಗಲಿ 1857, ನರಗುಂದ 1858. ಇವುಗಳ ವಿಚಾರಣೆ ಕಾಗದ ಬ್ರಿಟಿಷರೇ ಇಟ್ಟಿದಾರೆ, ಹಿಡಿದೋರ ಹೆಸರು, ಊರು, ಶಿಕ್ಷೆ ಬರೆದಿರ್ತಾರೆ. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ನಮ್ಮ ಹೆಸರು ಗುರುತೇ ಸಿಗಲ್ಲ, ಜೋರಾಗಿ ಬಾಯಲ್ಲಿ ಓದಿ ನೋಡಿ ಆಗ ಹೊಳೆಯತ್ತೆ.

ಡಿಎನ್‌ಎ ಟೆಸ್ಟ್ ಮಾಡಿಸ್ಲಾ?

ಅಡ್ಡಹೆಸರಿನ ಮೂಲ ಅದ್ರಲ್ಲಿ ಬರಲ್ಲ. ಆ ದುಡ್ಡಲ್ಲಿ ನಾಲ್ಕು ಸಲ ಊರಿಗೆ ಹೋಗಿ ಬನ್ನಿ.

ನಾಡಕಚೇರಿಯ ವಂಶವೃಕ್ಷ ಸರ್ಟಿಫಿಕೇಟ್ ಇದೆಯಲ್ಲ, ಅದು ಸಾಕಾ?

ಅದು ಖಾತೆ ಬದಲಾವಣೆಗೆ ಅಂತ ಮಾಡಿಸೋದು, ನೀವು ಹೇಳಿದ್ದನ್ನೇ ಸ್ಥಳ ಪರಿಶೀಲನೆ ಮಾಡಿ ಬರೆದುಕೊಡ್ತಾರೆ, ಇತ್ತೀಚಿನ ಎರಡು ಮೂರು ತಲೆಮಾರಿಗೆ ಸರಿ. ಆದ್ರೆ ದಾಯಾದಿಗಳ ಮನೇಲಿ ಹಿಂದೆ ಯಾವಾಗ್ಲೋ ಮಾಡಿಸಿದ್ದ ಹಳೇ ಅರ್ಜಿಯ ನಕಲು ಇದ್ರೆ ಕೇಳಿ ತಗೊಳ್ಳಿ, ಅದ್ರ ಜೊತೆ ಲಗತ್ತಿಸಿದ ಕಾಗದದಲ್ಲಿ ಸರ್ವೆ ನಂಬರ್ ಇರತ್ತೆ, ಅಲ್ಲಿಂದ ರೆಕಾರ್ಡ್ ರೂಮ್‌ಗೆ ಅರ್ಜಿ ಹಾಕ್ಬಹುದು.